ಒಂದು ಮನೆ, ಎರಡು ಕ್ರಯಪತ್ರ: ಬೆಂಗಳೂರಿನ ಸ್ವತಂತ್ರ ಮನೆಯನ್ನು ಎರಡು ಮಾಡಿ ಬೇರೆ ಬೇರೆ ಮಾರಲು ಸಮಗ್ರ ಮಾರ್ಗದರ್ಶಿ

ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಬಾಗಿಲು ಇಡುವುದು ಮೇಸ್ತ್ರಿಗೆ ಕಷ್ಟದ ಕೆಲಸವಲ್ಲ. ಒಂದೇ ಖಾತಾ, ಒಂದೇ ಸಂಪು, ಒಂದೇ ಮೀಟರು, ಒಂದೇ ಟೆರೇಸು ಇರುವ ಮನೆಯನ್ನು ಪರಸ್ಪರ ಪರಿಚಯವೇ ಇಲ್ಲದ ಇಬ್ಬರಿಗೆ ಮಾರುವುದು ಕಷ್ಟದ ಕೆಲಸ. ಬಾಡಿಗೆಗೆ ಕೊಟ್ಟಾಗ ಮೇಲಿನ ಮನೆಯ ಬಚ್ಚಲು ಸೋರಿದರೆ ಮಾಲೀಕರು ರಿಪೇರಿ ಮಾಡಿಸುತ್ತಾರೆ. ಮಾರಿದ ಮೇಲೆ ಆ ಮಾಲೀಕರು ಇರುವುದಿಲ್ಲ, ಅವರು ಬರೆದುಕೊಟ್ಟ ಪತ್ರ ಮಾತ್ರ ಇರುತ್ತದೆ. ಹಾಗಾಗಿ ಟೆರೇಸು ಯಾರದು, ಮೆಟ್ಟಿಲು ಯಾರದು, ಒಳಚರಂಡಿಯ ಚೇಂಬರ್ ಕಸ ಸಿಕ್ಕಿ ಕಟ್ಟಿಕೊಂಡರೆ ಖರ್ಚು ಯಾರದು ಎಂಬುದನ್ನು ಇಟ್ಟಿಗೆ ಮುಟ್ಟುವ ಮೊದಲೇ ತೀರ್ಮಾನಿಸಿ ಬರೆದಿಡಬೇಕು. ಕಾಮಗಾರಿ ಆ ತೀರ್ಮಾನವನ್ನು ಅನುಸರಿಸಬೇಕು.

ಲೆಕ್ಕಕ್ಕೆ 40×60 ಅಡಿಯ ಸೈಟು, ನೆಲಮಹಡಿ ಮತ್ತು ಮೊದಲ ಮಹಡಿ, ಒಳಗಿನಿಂದ ಮೆಟ್ಟಿಲಿರುವ ಒಂದು ಕುಟುಂಬದ ಮನೆಯನ್ನು ಇಟ್ಟುಕೊಂಡಿದ್ದೇವೆ. ಜಯನಗರ, ರಾಜಾಜಿನಗರ, ಬನಶಂಕರಿಯಂಥ ಹಳೆಯ ಬಡಾವಣೆಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

ಮಹಡಿ ಪ್ರಕಾರವೋ, ಉದ್ದಕ್ಕೋ?

ಎರಡು ದಾರಿಗಳಿವೆ. ಕೆಳಗಿನದು ಒಂದು ಮನೆ, ಮೇಲಿನದು ಇನ್ನೊಂದು ಮನೆ ಎಂದು ಮಾಡುವುದು ಮೊದಲನೆಯದು. ನಡುಮಧ್ಯೆ ಬುನಾದಿಯಿಂದ ಟೆರೇಸಿನವರೆಗೆ ಗೋಡೆ ಎಬ್ಬಿಸಿ, ಎರಡೂ ಕಡೆಯವರಿಗೆ ಕೆಳಗೂ ಮೇಲೂ ಕೋಣೆ ಬರುವಂತೆ ಸೀಳುವುದು ಎರಡನೆಯದು.

ಉದ್ದಕ್ಕೆ ಸೀಳಿದರೆ ಸೈಟನ್ನೂ 20×60ರ ಎರಡು ತುಂಡು ಮಾಡಿ ಬೇರೆ ಬೇರೆ ನೋಂದಣಿ ಮಾಡಿಸಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಸೈಟಿನ ಉಪವಿಭಜನೆಗೆ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಅಲ್ಲದೆ ಹೊಸ ಗಡಿ ನಿಮ್ಮ ನಡುಗೋಡೆಯ ಮೇಲೆಯೇ ಬೀಳುತ್ತದೆ. ಆ ಗಡಿಯಿಂದ ಬಿಡಬೇಕಾದ ಜಾಗ ಬಿಟ್ಟಂತಾಗದೆ, ಸಕ್ರಮವಾಗಿದ್ದ ಮನೆ ಒಂದೇ ದಿನದಲ್ಲಿ ಎರಡು ಅಕ್ರಮ ಮನೆಗಳಾಗುತ್ತದೆ. ಇದಕ್ಕೇ ಹೆಚ್ಚಿನ ಸಂದರ್ಭಗಳಲ್ಲಿ ಜಾಗವನ್ನು ಒಂದಾಗಿಯೇ ಉಳಿಸಿ, ಅದರಲ್ಲಿ ಅವಿಭಜಿತ ಪಾಲನ್ನೂ (ನೆಲದ ಮೇಲೆ ಗಡಿ ಗುರುತಿಸದ, ಲೆಕ್ಕದಲ್ಲಷ್ಟೇ ಇರುವ ಪಾಲು) ಕಟ್ಟಡದಲ್ಲಿ ಗೊತ್ತಾದ ಭಾಗವನ್ನೂ ಮಾರುತ್ತಾರೆ. ಮಹಡಿ ಪ್ರಕಾರ ಮಾಡಿದರೂ ಉದ್ದಕ್ಕೆ ಮಾಡಿದರೂ ಇದೇ ಕ್ರಮ.

ನಮ್ಮ ಸಲಹೆ: ಸೈಟಿನ ಅಗಲ 40 ಅಡಿ ಅಥವಾ ಕಡಿಮೆ ಇದ್ದರೆ ಮಹಡಿ ಪ್ರಕಾರವೇ ಮಾಡಿ. ಉದ್ದಕ್ಕೆ ಸೀಳಿದಾಗ ಎರಡು ಮೆಟ್ಟಿಲು, ಎರಡು ಅಡುಗೆಮನೆ ಕಳೆದು ಉಳಿಯುವ ಕೋಣೆಗಳು ಕಿರಿದಾಗುತ್ತವೆ, ನಡುಗೋಡೆಯ ಬದಿಗೆ ಗಾಳಿ ಬೆಳಕು ಬರುವುದಿಲ್ಲ.

ಹಂತ 1: ಕಾಗದಗಳ ತಪಾಸಣೆ

ಶುದ್ಧ ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಕನಿಷ್ಠ 30 ವರ್ಷದ ಋಣಭಾರ ಪತ್ರ (ಇಸಿ), ಇ-ಖಾತಾ ಅಂದರೆ ಪಾಲಿಕೆಯ ಡಿಜಿಟಲ್ ಖಾತಾ, ಬಾಕಿಯಿಲ್ಲದ ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಕಟ್ಟಡ ನಕ್ಷೆಯಂತೆ ಮುಗಿದು ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ ಅಂದರೆ ಒಸಿ, ಇಷ್ಟನ್ನು ಮೇಜಿನ ಮೇಲೆ ಹರಡಿಕೊಂಡು ಶುರು ಮಾಡಿ. ಬಿ-ಖಾತಾ (ನಿಯಮಬದ್ಧವಲ್ಲದ ಆಸ್ತಿಗಳ ಖಾತಾ) ಆಗಿದ್ದರೆ ಇಲ್ಲೇ ನಿಲ್ಲಿ. ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗುವುದು ದುಸ್ತರವಾದರೆ ಎರಡು ಮಾಡಿದ ಶ್ರಮಕ್ಕೆ ಬೆಲೆಯೇ ಬರುವುದಿಲ್ಲ.

ತಂದೆಯ ಕಾಲದ ಆಸ್ತಿಯಾಗಿದ್ದರೆ ಹೆಣ್ಣುಮಕ್ಕಳ ಹಕ್ಕನ್ನು ಮೊದಲು ಇತ್ಯರ್ಥ ಮಾಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯೂ 2020ರ ಸುಪ್ರೀಂ ಕೋರ್ಟ್ ತೀರ್ಪೂ ಹೇಳಿವೆ. ಅಕ್ಕತಂಗಿಯರ ಸಹಿಯಿಲ್ಲದ ಒಂದು ಕ್ರಯಪತ್ರ ಎರಡೂ ಮನೆಗಳ ಹಕ್ಕನ್ನು ಕೆಡಿಸುತ್ತದೆ.

ಸಾಲ ಬಾಕಿ ಇದ್ದರೆ ಅಡಮಾನ ಇಡೀ ಆಸ್ತಿಯ ಮೇಲಿರುತ್ತದೆ. ಒಂದು ಭಾಗ ಮಾರುವ ಮುನ್ನ ಆ ಭಾಗವನ್ನು ಬಿಡುಗಡೆ ಮಾಡಿದ ಪತ್ರವನ್ನು ಬ್ಯಾಂಕಿನಿಂದ ಪಡೆದು ನೋಂದಾಯಿಸಬೇಕು. ಬರೀ ಲೆಟರ್‌ಹೆಡ್ಡಿನ ಒಪ್ಪಿಗೆ ಪತ್ರ ಸಾಕಾಗದು.

ಮೂಲ ಪತ್ರಗಳು ಇರುವುದು ಒಂದೇ ಸೆಟ್, ಕೊಳ್ಳುವವರು ಇಬ್ಬರು. ಆಸ್ತಿ ವರ್ಗಾವಣೆ ಕಾಯ್ದೆಯ 55(3)ನೇ ಸೆಕ್ಷನ್ ಇದಕ್ಕೆ ಉತ್ತರ ಕೊಟ್ಟಿದೆ: ಮಾರುವವರು ಒಂದು ಭಾಗ ಉಳಿಸಿಕೊಂಡರೆ ಮೂಲಗಳು ಅವರ ಬಳಿಯೇ ಇರಬಹುದು, ಎರಡನ್ನೂ ಬೇರೆ ಬೇರೆಯವರಿಗೆ ಮಾರಿದರೆ ಹೆಚ್ಚು ಬೆಲೆಯ ಭಾಗ ಕೊಂಡವರಿಗೆ ಮೂಲಗಳ ಹಕ್ಕು. ಮೂಲ ಇಟ್ಟುಕೊಂಡವರು ಬೇಕಾದಾಗ ಹಾಜರುಪಡಿಸಬೇಕೆಂದು ಪತ್ರದಲ್ಲಿ ಬರೆಸಿ, ಇನ್ನೊಬ್ಬರಿಗೆ ದೃಢೀಕೃತ ನಕಲು ಕೊಡಿ. ಎರಡನೆಯವರ ಬ್ಯಾಂಕ್ ಇದಕ್ಕೆ ಒಪ್ಪುತ್ತದೆಯೇ ಎಂದು ಮುಂಗಡ ಪಡೆಯುವ ಮೊದಲೇ ಕೇಳಿ ತಿಳಿಯಿರಿ. ಬಹಳ ವ್ಯವಹಾರಗಳು ಮುರಿದುಬೀಳುವುದು ಇದೇ ಜಾಗದಲ್ಲಿ.

ಹಂತ 2: ಪಾಲಿನ ಲೆಕ್ಕ

ಜಾಗದ ಪಾಲನ್ನು ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಹಂಚುವುದು ವಾಡಿಕೆ. ಕೆಳಗಿನ ಮನೆ 1,200 ಚದರಡಿ, ಬಾಲ್ಕನಿ ಸೇರಿ ಮೇಲಿನ ಮನೆ 1,350 ಚದರಡಿ ಎಂದಿಟ್ಟುಕೊಳ್ಳಿ. ಒಟ್ಟು 2,550. 2,400 ಚದರಡಿಯ ಸೈಟಿನಲ್ಲಿ ಕೆಳಗಿನವರ ಪಾಲು 2,400 × 1,200 ÷ 2,550, ಅಂದರೆ 1,129.4 ಚದರಡಿ, ಶೇ. 47.06. ಮೇಲಿನವರದು 1,270.6 ಚದರಡಿ, ಶೇ. 52.94. ಎರಡೂ ಸೇರಿ ಸರಿಯಾಗಿ 100 ಆಗಬೇಕು. ದಶಮಾಂಶ ಬಿಟ್ಟು ದುಂಡಾಗಿಸಿ ಕೊನೆಗೆ ಮೂರು ಚದರಡಿ ಯಾರಿಗೂ ಸೇರದೆ ಉಳಿದರೆ, ಕಾಗದದಲ್ಲಿ ಅದು ಮಾರಿದವರ ಹೆಸರಿನಲ್ಲೇ ನಿಂತುಬಿಡುತ್ತದೆ.

ಮುಂದೆ ಎರಡನೇ ಮಹಡಿ ಕಟ್ಟುವ ಆಲೋಚನೆ ಇದ್ದರೆ ಅದಕ್ಕೆ ಬೇಕಾದ ಪಾಲನ್ನು ಈಗಲೇ ತೆಗೆದಿಡಿ, ಮೊದಲ ಕ್ರಯಪತ್ರದಲ್ಲೇ ಅದನ್ನು ಕಾಣಿಸಿ. ಪೂರ್ತಿ 100 ಮಾರಿದ ಮೇಲೆ ಟೆರೇಸಿನ ಹಕ್ಕು ತನ್ನದೆಂದು ಹೇಳಿಕೊಂಡರೂ ಆ ಮಹಡಿಗೆ ನೆಲವೇ ಇರುವುದಿಲ್ಲ.

ಹಂತ 3: ನಕ್ಷೆ ಮತ್ತು ಅನುಮತಿ

ನಿಮ್ಮ ಮಂಜೂರಾದ ನಕ್ಷೆಯಲ್ಲಿ ಒಂದೇ ವಾಸದ ಮನೆ ಎಂದಿದ್ದರೆ, ಎರಡು ಮನೆ ಎಂದು ತೋರಿಸುವ ಪರಿಷ್ಕೃತ ನಕ್ಷೆ ಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಬಂದಿವೆ. ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಂಡು ಅರ್ಜಿ ಹಾಕಿ.

ನಕ್ಷೆ ಮಾಡುವವರಿಗೆ ಮೂರು ವಿಷಯ ಹೇಳಿ: ಎರಡೂ ಮನೆಗೆ ರಸ್ತೆಯಿಂದ ಸ್ವತಂತ್ರ ದಾರಿ ಇರಬೇಕು, ಪ್ರತಿ ಮನೆಗೂ ಕಾರು ನಿಲ್ಲುವ ಜಾಗವನ್ನು 2.5×5.5 ಮೀಟರ್ ಅಳತೆಯಲ್ಲಿ ಗುರುತಿಸಬೇಕು. ಸುತ್ತ ಬಿಟ್ಟ ಜಾಗದಲ್ಲಿ ಹೊಸದೇನನ್ನೂ ಎಬ್ಬಿಸಬಾರದು. ಪಕ್ಕದ ಓಣಿಯಲ್ಲಿ ಕಬ್ಬಿಣದ ಮೆಟ್ಟಿಲು ನಿಲ್ಲಿಸಿ "ಮೇಲಿನ ಮನೆಗೆ ಪ್ರತ್ಯೇಕ ದಾರಿ" ಎಂದು ಜಾಹೀರಾತು ಕೊಡುವುದು ನಗರದಲ್ಲಿ ತೀರಾ ಸಾಮಾನ್ಯ. ಮೇಲಿನ ಮನೆಯ ಏಕೈಕ ದಾರಿಯೇ ನಕ್ಷೆ ಉಲ್ಲಂಘನೆಯಾದಾಗ, ಅದನ್ನು ತೆಗೆಯಿರಿ ಎಂದು ನೋಟಿಸ್ ಬಂದರೆ ಆ ಮನೆಯವರು ಹತ್ತುವುದೆಲ್ಲಿಂದ?

ಒಸಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದ ಮೇಲೆ, ಎರಡನೇ ಮೀಟರ್ ಕೇಳಲು ಹೋದಾಗ ಮೊದಲು ಬರುವ ಪ್ರಶ್ನೆಯೇ ಅದು. 1,200 ಚದರಡಿಯವರೆಗಿನ ಸೈಟುಗಳ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿದೆ. 40×60ಕ್ಕೆ ಅದು ಅನ್ವಯಿಸುವುದಿಲ್ಲ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇಲ್ಲಿ ಬೇಕಿಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟು ಮೀರದಿದ್ದರೆ ಕಾಯ್ದೆ ವಿನಾಯಿತಿ ಕೊಡುತ್ತದೆ. 40×60 ಸೈಟು ಸುಮಾರು 223 ಚದರ ಮೀಟರ್.

ಹಂತ 4: ಮೆಟ್ಟಿಲು

ಮೊದಲು ಈಗಿರುವ ಮೆಟ್ಟಿಲು ಎಲ್ಲಿದೆ ನೋಡಿ. ಅದು ಹೊರಗೋಡೆಗೆ ತಾಗಿದ್ದರೆ ಅದೃಷ್ಟವೇ ಸರಿ: ಕೆಳಗೆ ಹಾಲಿನ ಕಡೆಯ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಹೊರಗೋಡೆಯಲ್ಲಿ ಲಿಂಟಲ್ ಕೂರಿಸಿ ಹೊಸ ಬಾಗಿಲು ತೆರೆದರೆ ಆಯಿತು. ಸ್ಲ್ಯಾಬು ಮುಟ್ಟಬೇಕಿಲ್ಲ. ಮೆಟ್ಟಿಲು ಮೇಲಿನವರಿಗೆ ಸೇರುತ್ತದೆ. ಮೆಟ್ಟಿಲ ಕೆಳಗಿನ ಸಂದಿ, ಅಲ್ಲಿ ದೇವರಮನೆಯೋ ಸ್ಟೋರೋ ಇದ್ದರೆ, ಕೆಳಗಿನವರದ್ದೆಂದು ಪತ್ರದಲ್ಲಿ ಬರೆಸಿ. ಟೆರೇಸಿಗೆ ಹೋಗಲು ಕೆಳಗಿನವರಿಗೂ ಈ ಮೆಟ್ಟಿಲ ಮೇಲೆ ಓಡಾಟದ ಹಕ್ಕು ಬೇಕಾಗುತ್ತದೆ.

ಮೆಟ್ಟಿಲು ಮನೆಯ ನಟ್ಟನಡುವೆ ಇದ್ದರೆ ಹೊಸದು ಕಟ್ಟಬೇಕು. ನೆಲದಿಂದ ನೆಲಕ್ಕೆ 10 ಅಡಿ 6 ಇಂಚು ಎತ್ತರವಿದ್ದರೆ 7 ಇಂಚಿನ 18 ಏರು ಬರುತ್ತವೆ. ಒಂಬತ್ತೊಂಬತ್ತರ ಎರಡು ಮಗ್ಗುಲು ಮಾಡಿ ತುಳಿಯುವ ಹಾಸು 10 ಇಂಚು ಇಟ್ಟರೆ, ಮಗ್ಗುಲಿಗೆ 6 ಅಡಿ 8 ಇಂಚು, ಲ್ಯಾಂಡಿಂಗ್ 3 ಅಡಿ 4 ಇಂಚು, ಒಟ್ಟು 10 ಅಡಿ ಉದ್ದ. 3 ಅಡಿ 3 ಇಂಚು ಅಗಲದ ಎರಡು ಮಗ್ಗುಲಿಗೆ ಸುಮಾರು 7 ಅಡಿ ಅಗಲ. ಈ 10×7 ಅಡಿಯನ್ನು ಕಟ್ಟಡದ ಗೆರೆಯೊಳಗೇ ಹುಡುಕಬೇಕು. ಮುಂಭಾಗದ ಪೋರ್ಟಿಕೋ ಅಥವಾ ಮೂಲೆಯ ಒಂದು ಕೋಣೆ ಸಾಮಾನ್ಯವಾಗಿ ಇದಕ್ಕೆ ಬಲಿಯಾಗುತ್ತದೆ.

ಹಳೆಯ ಮೆಟ್ಟಿಲು ಒಡೆದು ಆ ತೂತು ಮುಚ್ಚುವ ಕೆಲಸ ಇಡೀ ಕಾಮಗಾರಿಯಲ್ಲೇ ಹೆಚ್ಚು ಎಚ್ಚರ ಬೇಡುತ್ತದೆ. ಹಳೆಯ ಸ್ಲ್ಯಾಬಿನ ಅಂಚು ಕೆಲವೊಮ್ಮೆ ಮೆಟ್ಟಿಲ ಮೇಲೆಯೇ ಆತುಕೊಂಡಿರುತ್ತದೆ, ಹಾಗಾಗಿ ಒಡೆಯುವ ಮುನ್ನ ಸುತ್ತಲೂ ಜಾಕ್ ಕೊಡಿಸಿ. ಹಳೆಯ ಕಬ್ಬಿಣಕ್ಕೆ ಹೊಸದನ್ನು ಕಟ್ಟಿ ಕಾಂಕ್ರೀಟು ಸುರಿಯಲು ಮೇಸ್ತ್ರಿಗಳು ಮುಂದಾಗುತ್ತಾರೆ. 10 ಎಂಎಂ ಕಂಬಿಗೆ ಸರಿಯಾದ ಜೋಡಣೆಗೆ ಅರ್ಧ ಮೀಟರ್ ಉದ್ದದ ಹೆಣಿಗೆ ಬೇಕು, ಅಂಚಿನಲ್ಲಿ ಅಷ್ಟು ಕಂಬಿ ಸಿಗುವುದಿಲ್ಲ. ಸ್ಲ್ಯಾಬಿನ ಅಂಚಿನಲ್ಲಿ 6 ಇಂಚಿಗೊಂದರಂತೆ ರಂಧ್ರ ಕೊರೆದು, ರಾಸಾಯನಿಕ ಆ್ಯಂಕರ್ ತುಂಬಿ ಕಂಬಿ ನೆಡುವುದು ಸರಿಯಾದ ಕ್ರಮ. ರಂಧ್ರದೊಳಗಿನ ಧೂಳನ್ನು ಬ್ರಷ್ಷಿನಿಂದ ಉಜ್ಜಿ, ಬ್ಲೋಯರ್‌ನಿಂದ ಊದಿ, ಮತ್ತೆ ಉಜ್ಜಬೇಕು. ಧೂಳು ಉಳಿದರೆ ಅಂಟು ಹಿಡಿಯುವುದು ಧೂಳನ್ನೇ. ಕಂಬಿ ಕೈಯಲ್ಲಿ ಎಳೆದರೆ ಕಿತ್ತು ಬರುತ್ತದೆ. ಹಳೆಯ ಮುಖವನ್ನು ಒರಟು ಮಾಡಿ ಬಾಂಡಿಂಗ್ ಕೋಟ್ ಹಚ್ಚಿ, ಅದು ಅಂಟಂಟಾಗಿರುವಾಗಲೇ ಎಂ25 ಕಾಂಕ್ರೀಟು ಹಾಕಿ. ಸೆಂಟ್ರಿಂಗ್ ಕನಿಷ್ಠ 14 ದಿನ ಬಿಚ್ಚಬೇಡಿ. ಕಂಬಿಯ ಗಾತ್ರ, ಕೆಳಗೆ ಉಕ್ಕಿನ ತೊಲೆ ಬೇಕೇ ಬೇಡವೇ ಎಂಬುದನ್ನು ಸ್ಥಳ ನೋಡಿದ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಬೇಕು. ಆ ಡ್ರಾಯಿಂಗ್ ಕೊಳ್ಳುವವರ ಕಡತಕ್ಕೂ ಸೇರುತ್ತದೆ.

ನಡುಗೋಡೆ ಎಬ್ಬಿಸುವವರಿಗೆ

ಉದ್ದಕ್ಕೆ ಸೀಳುವವರು ತೂಕದ ಲೆಕ್ಕ ಮರೆಯಬಾರದು. ಎರಡೂ ಕಡೆ ಗಾರೆ ಬಳಿದ 9 ಇಂಚಿನ ಇಟ್ಟಿಗೆ ಗೋಡೆ 10 ಅಡಿ ಎತ್ತರಕ್ಕೆ ಒಂದು ಮೀಟರ್ ಉದ್ದದಲ್ಲಿ ಸುಮಾರು ಒಂದೂವರೆ ಟನ್ ತೂಗುತ್ತದೆ. ಕೆಳಗೆ ಅದಕ್ಕೆ ತನ್ನದೇ ಬುನಾದಿ ಬೇಕು. ಟೈಲ್ಸಿನ ಮೇಲೆ ಎಬ್ಬಿಸಿದರೆ ನೆಲ ಕುಸಿದು ಗೋಡೆ ಸೀಳುತ್ತದೆ. ಮೇಲಿನ ಮಹಡಿಯಲ್ಲಿ ಕೆಳಗೆ ಬೀಮು ಇಲ್ಲದಿದ್ದರೆ ಇಟ್ಟಿಗೆ ಬೇಡ. 6 ಇಂಚಿನ ಎಎಸಿ ಬ್ಲಾಕ್ (ಹಗುರ ಕಾಂಕ್ರೀಟಿನ ಇಟ್ಟಿಗೆ) ಗೋಡೆಯ ತೂಕ ಅದರ ಮೂರನೇ ಒಂದು ಭಾಗದಷ್ಟು, ಆದರೆ ಶಬ್ದ ತಡೆಯುವುದೂ ಕಡಿಮೆ. ಗೋಡೆ ಸ್ಲ್ಯಾಬಿಗೆ ಮುಟ್ಟಲಿ, ಸಜ್ಜಾ ಮತ್ತು ಅಟ್ಟದ ಮೇಲೆ ಖಾಲಿ ಬಿಡಬೇಡಿ. ಎರಡೂ ಕಡೆಯ ಸ್ವಿಚ್ ಪೆಟ್ಟಿಗೆಗಳನ್ನು ಬೆನ್ನಿಗೆ ಬೆನ್ನು ಕೊರೆದರೆ ಪಕ್ಕದ ಮನೆಯ ಮಾತು ಅಲ್ಲಿಂದಲೇ ಕೇಳುತ್ತದೆ.

ಹಂತ 5: ನೀರು ಮತ್ತು ಕೊಳಚೆ

ಒಂದು ಸಂಪು, ಎರಡು ಪಂಪು ಇಟ್ಟರೆ ಸಾಕೆಂಬ ಅಗ್ಗದ ಉಪಾಯಕ್ಕೆ ಹೋಗಬೇಡಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಯಾರ ಪಂಪು ಮೊದಲು ಓಡಿತು ಎಂಬುದೇ ದಿನನಿತ್ಯದ ರಂಪವಾಗುತ್ತದೆ. ತಲಾ 135 ಲೀಟರ್‌ನಂತೆ ನಾಲ್ವರಿಗೆ ದಿನಕ್ಕೆ 540 ಲೀಟರ್. ಒಳ ಅಳತೆ 6×5 ಅಡಿ, ನೀರಿನ ಆಳ 5 ಅಡಿಯ ಸಂಪು ಸುಮಾರು 4,200 ಲೀಟರ್ ಹಿಡಿಯುತ್ತದೆ, ಒಂದು ವಾರಕ್ಕೆ ಸಾಕು. ಎರಡನೇ ಮನೆಗೆ ಅಂಥದೊಂದು ಹೊಸ ಸಂಪು ತೋಡಿ, ಒಳಚರಂಡಿ ಚೇಂಬರಿನಿಂದ ಆದಷ್ಟು ದೂರವಿರಲಿ. ಟೆರೇಸಿನ ಮೇಲೆ ತಲಾ 1,000 ಲೀಟರ್ ಟ್ಯಾಂಕು. ತುಂಬಿದರೆ ಒಂದೊಂದೂ ಒಂದು ಟನ್, ಆದ್ದರಿಂದ ಗೋಡೆ ಅಥವಾ ಬೀಮಿನ ನೆತ್ತಿಗೇ ಕೂರಿಸಿ. ಬೋರ್‌ವೆಲ್ ಜಂಟಿಯಾಗಿಯೇ ಉಳಿಯುತ್ತದೆ. ಅದರ ಕರೆಂಟಿಗೆ ಪ್ರತ್ಯೇಕ ಮೀಟರ್ ಹಾಕಿಸಿ, ಬತ್ತಿದರೆ ಮತ್ತೆ ಕೊರೆಸುವ ಖರ್ಚು ಹೇಗೆ ಎಂದು ಬರೆಸಿ.

ಜಗಳದ ಬೇರು ಮೇಲಿನ ಮನೆಯ ಬಚ್ಚಲು. ಹಳೆಯ ಮನೆಗಳಲ್ಲಿ ಅದರ ಪೈಪುಗಳು ಕೆಳಗಿನ ಬಚ್ಚಲಿನ ಸೀಲಿಂಗ್ ಅಡಿಯಲ್ಲೋ ಗೋಡೆಯೊಳಗೋ ಇಳಿದಿರುತ್ತವೆ. ಸೋರಿದರೆ ಮೇಲಿನವರ ಪೈಪಿಗಾಗಿ ಕೆಳಗಿನವರ ಮನೆ ಒಡೆಯಬೇಕಾಗುತ್ತದೆ. ಈಗಲೇ ಆ ಪೈಪುಗಳನ್ನು ಹೊರಗೋಡೆಗೆ ತನ್ನಿ: ಪಾಯಿಖಾನೆಗೆ 110 ಎಂಎಂ, ಬಚ್ಚಲು ಮತ್ತು ಅಡುಗೆಮನೆಗೆ 75 ಎಂಎಂ. ಮೇಲಿನ ಬಚ್ಚಲಿನ ಟೈಲ್ಸ್ ಕಿತ್ತು, ನಹಾನಿ ಟ್ರ್ಯಾಪ್ (ನೆಲದ ನೀರು ಇಳಿಯುವ ಜಾಲರಿ ಕೊಳವೆ) ಬದಲಿಸಿ, ವಾಟರ್‌ಪ್ರೂಫಿಂಗನ್ನು ಗೋಡೆಯ ಮೇಲೂ ಒಂದು ಅಡಿ ಹತ್ತಿಸಿ, ಟೈಲ್ಸ್ ಹಾಕುವ ಮುನ್ನ 48 ಗಂಟೆ ನೀರು ನಿಲ್ಲಿಸಿ. ಕೆಳಗಿನ ಸೀಲಿಂಗಿನ ಮೂಲೆಗಳು ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಟ್ರ್ಯಾಪಿನ ಕುತ್ತಿಗೆಯ ಸುತ್ತ ಬರೀ ಸಿಮೆಂಟು ಮೆತ್ತಿ ಬಿಡುವುದು ಸೋರಿಕೆಗೆ ಮೊದಲ ಕಾರಣ.

ನೆಲದಲ್ಲಿ 110 ಎಂಎಂ ಪೈಪಿಗೆ 10 ಅಡಿಗೆ 2 ಇಂಚು ಇಳಿಜಾರು ಕೊಡಿ. ಎರಡೂ ಮನೆಗೆ ಬೇರೆ ಬೇರೆ ಚೇಂಬರ್ ಕಟ್ಟಿ, ರಸ್ತೆಗೆ ಹೋಗುವ ಮುನ್ನ ಕೊನೆಯ ಒಂದು ಚೇಂಬರಿನಲ್ಲಿ ಮಾತ್ರ ಕೂಡಿಸಿ. ಕಟ್ಟಿಕೊಂಡಾಗ ಮುಚ್ಚಳ ತೆಗೆದರೆ ಯಾರ ಕಡೆಯದೆಂದು ಕಣ್ಣಿಗೇ ಕಾಣುತ್ತದೆ.

ಹಂತ 6: ಕರೆಂಟು

ಬೆಸ್ಕಾಂನಲ್ಲಿ ಎರಡನೇ ಆರ್‌ಆರ್ ನಂಬರಿಗೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಅರ್ಜಿ ಹಾಕುವ ಮುನ್ನ ಒಳಗಿನ ವೈರಿಂಗ್ ಬೇರ್ಪಡಿಸಿ. ಒಂದು ಮಹಡಿಯ ಮೇನ್ ಆರಿಸಿ, ಆ ಮಹಡಿಯ ಒಂದೊಂದು ಸಾಕೆಟ್ಟನ್ನೂ ಟೆಸ್ಟರ್ ಹಿಡಿದು ನೋಡಿ. ಮೆಟ್ಟಿಲ ದೀಪ, ಟೆರೇಸಿನ ದೀಪ, ಗೀಸರ್, ಪಂಪು ಇನ್ನೊಂದು ಕಡೆಯಿಂದ ಜೀವ ಪಡೆಯುತ್ತಿರುವುದು ಬಹಳ. ಫೇಸ್ ಬೇರೆ ಮಾಡಿ ನ್ಯೂಟ್ರಲ್ ಹಾಗೇ ಬಿಡುವುದು ಎಲೆಕ್ಟ್ರಿಷಿಯನ್ನರು ಪದೇ ಪದೇ ಮಾಡುವ ತಪ್ಪು. ಎರಡು ಮನೆಯ ನ್ಯೂಟ್ರಲ್ ಕೂಡಿದ್ದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಕಾರಣ ಕಾಣದೆ ಬೀಳುತ್ತಲೇ ಇರುತ್ತದೆ. ಕೊನೆಗೆ ಬೇಸತ್ತವರು ಅದನ್ನೇ ಕಿತ್ತುಹಾಕುತ್ತಾರೆ, ಜೀವರಕ್ಷಕವೇ ಹೋಗುತ್ತದೆ. ಗೇಟು ಮತ್ತು ಮೆಟ್ಟಿಲ ದೀಪಗಳಿಗೂ ಬೋರ್‌ವೆಲ್ಲಿಗೂ ಮೂರನೇ ಮೀಟರ್ ಹಾಕಿಸಿದರೆ ಲೆಕ್ಕ ಸ್ವಚ್ಛ.

ಹಂತ 7: ಎರಡು ಇ-ಖಾತಾ

ಪರಿಷ್ಕೃತ ನಕ್ಷೆ, ಒಸಿ, ತೆರಿಗೆ ರಸೀದಿ, ಎರಡೂ ಮನೆಯ ಅಳತೆ ಮತ್ತು ಪಾಲು ತೋರಿಸುವ ನೋಂದಾಯಿತ ಘೋಷಣಾ ಪತ್ರ, ಇವುಗಳೊಂದಿಗೆ ಖಾತಾ ವಿಭಜನೆಗೆ ಅರ್ಜಿ ಹಾಕಿ. ಇ-ಖಾತಾ ಇಲ್ಲದೆ ಈಗ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0ರಲ್ಲಿ ಕ್ರಯಪತ್ರ ಮುಂದೆ ಹೋಗುವುದಿಲ್ಲ. ವಿಸ್ತೀರ್ಣ, ಚಕ್ಕುಬಂದಿ, ಹೆಸರಿನ ಕಾಗುಣಿತ ಈ ಮೂರೂ ಕ್ರಯಪತ್ರದೊಂದಿಗೆ ತಾಳೆಯಾಗಬೇಕು.

ಹಂತ 8: ಕ್ರಯಪತ್ರದಲ್ಲಿ ಏನಿರಬೇಕು

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972, ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಮನೆಗಳ ಕಟ್ಟಡಕ್ಕೆ ಮಾಡಿದ್ದು. ಎರಡೇ ಮನೆಯ ಕಟ್ಟಡಕ್ಕೆ ಸಂಘವಿಲ್ಲ, ಬೈಲಾ ಇಲ್ಲ. ಅಲ್ಲಿ ಕಾಯ್ದೆ ಮಾಡುವ ಕೆಲಸವನ್ನು ಇಲ್ಲಿ ಕ್ರಯಪತ್ರವೇ ಮಾಡಬೇಕು. ಪತ್ರದ ಕೊನೆಯ ಆಸ್ತಿ ವಿವರದ ಪಟ್ಟಿಗಳಲ್ಲಿ, ಎ ಷೆಡ್ಯೂಲಿನಲ್ಲಿ ಇಡೀ ಸೈಟು, ಬಿ ಷೆಡ್ಯೂಲಿನಲ್ಲಿ ಅವಿಭಜಿತ ಪಾಲು, ಸಿ ಷೆಡ್ಯೂಲಿನಲ್ಲಿ ಮನೆ. ಅಳತೆ ಹಾಕಿದ ಬಣ್ಣದ ನಕ್ಷೆಯನ್ನು ಲಗತ್ತಿಸಿ, ಎರಡೂ ಪತ್ರಗಳಿಗೆ ಅದೇ ನಕ್ಷೆ ಇರಲಿ.

ಟೆರೇಸು ಯಾರದು, ಬಟ್ಟೆ ಒಣಗಿಸಲು, ಸೋಲಾರ್ ಇಡಲು, ಟ್ಯಾಂಕು ತೊಳೆಯಲು ಇನ್ನೊಬ್ಬರಿಗೆ ಯಾವ ಹಕ್ಕು, ಮುಂದೆ ಮಹಡಿ ಕಟ್ಟುವ ಹಕ್ಕು ಯಾರಿಗೆ ಎಂಬುದನ್ನು ಬಿಡಿಬಿಡಿಯಾಗಿ ಬರೆಸಿ. ಟೆರೇಸು ಮೇಲಿನವರದ್ದೇ ಆದರೂ ಅದು ಇಡೀ ಕಟ್ಟಡದ ಮಾಡು, ಅದರ ವಾಟರ್‌ಪ್ರೂಫಿಂಗ್ ಖರ್ಚು ಪಾಲಿನ ಪ್ರಕಾರ ಇಬ್ಬರಿಗೂ ಬರಬೇಕು. ಬುನಾದಿ, ಕಾಂಪೌಂಡು, ಕೊನೆಯ ಚೇಂಬರ್, ಹೊರಗಿನ ಬಣ್ಣ, ಮಳೆನೀರು ಸಂಗ್ರಹದ ಗುಂಡಿ ಇವೂ ಹಾಗೆಯೇ. ಮಹಡಿಗಳ ನಡುವಿನ ಸ್ಲ್ಯಾಬಿನಲ್ಲಿ ಮೇಲಿನ ಹಾಸು ಮೇಲಿನವರದು, ಸೀಲಿಂಗಿನ ಗಾರೆ ಕೆಳಗಿನವರದು, ನಡುವಿನ ಕಾಂಕ್ರೀಟು ಜಂಟಿ.

ಎರಡು ಷರತ್ತುಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಒಂದು: ಕಟ್ಟಡ ನಿಂತಿರುವವರೆಗೆ ಜಾಗದ ವಿಭಾಗಕ್ಕಾಗಿ ಯಾರೂ ದಾವೆ ಹೂಡತಕ್ಕದ್ದಲ್ಲ, ಕಟ್ಟಡ ಹಳತಾಗಿ ಕೆಡವಿದಾಗ ಪಾಲಿನ ಪ್ರಕಾರ ಮತ್ತೆ ಕಟ್ಟುವುದು ಅಥವಾ ಮಾರಿ ಹಂಚಿಕೊಳ್ಳುವುದು. ಎರಡು: ಮುಂದೆ ಮಾರುವಾಗ ಇವೇ ಷರತ್ತುಗಳನ್ನು ಹೊಸ ಪತ್ರದಲ್ಲೂ ಬರೆಸಲೇಬೇಕು. ಹೀಗೆ ಮಾಡಬಾರದು ಎಂಬ ನಿರ್ಬಂಧ, ಅದು ಗೊತ್ತಿದ್ದೂ ಮನೆ ಖರೀದಿಸಿದ ಮುಂದಿನವರನ್ನೂ ಕಟ್ಟಿಹಾಕುತ್ತದೆ. ಖರ್ಚು ಕೊಡಬೇಕು ಎಂಬಂಥ ಹೊಣೆ ನಮ್ಮ ಕಾನೂನಿನಲ್ಲಿ ತಾನಾಗಿ ಮುಂದಿನ ಮಾಲೀಕರಿಗೆ ದಾಟುವುದಿಲ್ಲ, ಅವರೇ ಸಹಿ ಹಾಕಿ ಒಪ್ಪಿಕೊಂಡಿರಬೇಕು.

ಹಂತ 9: ಶುಲ್ಕ ಮತ್ತು ತೆರಿಗೆ

45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ. 5; ಅದರ ಮೇಲೆ ಸೆಸ್ ಶೇ. 10, ನಗರದಲ್ಲಿ ಸರ್‌ಚಾರ್ಜ್ ಶೇ. 2 ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಂದು ಕೋಟಿಯ ಮನೆಗೆ ಒಟ್ಟು 7,60,000 ರೂಪಾಯಿ ಕೊಳ್ಳುವವರ ಕೈಯಿಂದ ಹೋಗುತ್ತದೆ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕಟ್ಟಬೇಕು.

ಮಾರುವವರಿಗೆ ದೀರ್ಘಾವಧಿ ಲಾಭದ ಮೇಲೆ ಶೇ. 12.5 ತೆರಿಗೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಯಾದರೆ, ಭಾರತದಲ್ಲೇ ವಾಸವಿರುವವರು ಹಣದುಬ್ಬರ ಸೂಚ್ಯಂಕದೊಂದಿಗೆ ಶೇ. 20ರ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2001ರ ಏಪ್ರಿಲ್ 1ಕ್ಕೂ ಹಿಂದಿನ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆಯಾಗಿ ಹಿಡಿಯಲು ಅವಕಾಶವಿದೆ. ಒಂದೇ ಮನೆ ಮಾರಿದರೆ ಕೊಂಡ ಬೆಲೆಯಲ್ಲೂ ಅದರ ಪಾಲು ಮಾತ್ರ ಕಳೆಯಬೇಕು. ಹೊಸ ಮೆಟ್ಟಿಲು, ಸಂಪು, ಪೈಪುಗಳ ಖರ್ಚು ಸುಧಾರಣಾ ವೆಚ್ಚವಾಗುತ್ತದೆ, ಬಿಲ್ಲು ಇದ್ದರೆ ಮಾತ್ರ. ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ನೆಲೆಸಿದವರು ಊರಿನ ಮನೆ ಮಾರುವಾಗ ಶೇ. 1ರ ನಿಯಮ ಅನ್ವಯಿಸುವುದಿಲ್ಲ. ಅನಿವಾಸಿಗಳಿಗೆ ಟಿಡಿಎಸ್ ಬಹಳ ಹೆಚ್ಚು ಹಿಡಿಯುತ್ತಾರೆ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಿಕೊಳ್ಳಬೇಕು.

ಕೀಲಿ ಕೊಡುವಾಗ

ಮೂರೂ ಮೀಟರುಗಳ ಆ ದಿನದ ಓದನ್ನು ಫೋಟೋ ಸಮೇತ ಇಬ್ಬರಿಗೂ ಕೊಡಿ. ಸ್ಟ್ರಕ್ಚರಲ್ ಡ್ರಾಯಿಂಗ್, ಪೈಪು ಮತ್ತು ವೈರು ಹೋದ ದಾರಿಯ ನಕ್ಷೆ, ಗಾರೆ ಮುಚ್ಚುವ ಮುನ್ನ ತೆಗೆದ ಗೋಡೆಗಳ ಚಿತ್ರ, ವಾಟರ್‌ಪ್ರೂಫಿಂಗ್ ಗ್ಯಾರಂಟಿ ಪತ್ರ ಒಂದು ಕಡತದಲ್ಲಿರಲಿ. ಬೆಸ್ಕಾಂ, ಜಲಮಂಡಳಿ, ಇ-ಖಾತಾ ಮೂರರಲ್ಲೂ ಹೆಸರು ಬದಲಾದ ಸ್ವೀಕೃತಿ ಕೈಗೆ ಬರುವವರೆಗೆ ನಿಮ್ಮ ಹೆಸರಿನ ಬಿಲ್ಲುಗಳ ಮೇಲೆ ಕಣ್ಣಿಡಿ, ಬಾಕಿ ಬಿದ್ದರೆ ನೋಟಿಸ್ ಬರುವುದು ಹಳೆಯ ಹೆಸರಿಗೇ.